ಫೋರ್ಟ್ ಕೊಚ್ಚಿಯ ಹಳೇ ಮನೆ ಹಾಸ್ಟೆಲಲ್ಲಿ ಉಳ್ಕೊಳ್ಳೋದು ಹೇಗೆ: ಬುಕಿಂಗಿಂದ ಚೆಕ್‌ಔಟ್ ತನಕ ಸಮಗ್ರ ಮಾರ್ಗದರ್ಶಿ

ಫೋರ್ಟ್ ಕೊಚ್ಚಿಯ ಹೆರಿಟೇಜ್ ಹಾಸ್ಟೆಲಲ್ಲಿ ಉಳ್ಕೊಂಡು ಬಂದೋರು ಹೇಳೋ ದೂರೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಫೋಟೋ ಚೆನ್ನಾಗಿತ್ತು ಅಂತ ಬುಕ್ ಮಾಡಿದ್ವಿ, ರಾತ್ರಿಯಿಡೀ ತಲೆ ಮೇಲೆ ಯಾರೋ ಓಡಾಡೋ ಸದ್ದು. ಟ್ರಾಲಿ ಬ್ಯಾಗ್ ಎತ್ಕೊಂಡು ಆ ಮರದ ಮೆಟ್ಟಿಲು ಹತ್ತೋಕೇ ಆಗ್ಲಿಲ್ಲ. ಬಸ್ಸು ಬೆಳಗ್ಗೆ ಏಳಕ್ಕೇ ಇಳಿಸ್ತು, ಬೆಡ್ ಸಿಕ್ಕಿದ್ದು ಮಧ್ಯಾಹ್ನ ಎರಡಕ್ಕೆ. ಪ್ಯಾನ್ ಕಾರ್ಡ್ ಕೊಟ್ರೆ ಇದು ನಡೆಯಲ್ಲ ಅಂದ್ರು. ಇದ್ರಲ್ಲಿ ಹಾಸ್ಟೆಲಿನೋರ ತಪ್ಪು ಅನ್ನೋದು ಸ್ವಲ್ಪನೇ, ಉಳಿದಿದ್ದೆಲ್ಲ ದುಡ್ಡು ಕಟ್ಟೋ ಮುಂಚೆ ಒಂದು ಮೆಸೇಜ್ ಹಾಕಿದ್ರೆ ಗೊತ್ತಾಗ್ತಿದ್ದ ವಿಷ್ಯ.

ಹೊಸ ಹೋಟೆಲಲ್ಲಿ 203 ಕೊಟ್ರೂ ಒಂದೇ 304 ಕೊಟ್ರೂ ಒಂದೇ. ಹಳೇ ಮನೇಲಿ ಹಾಗಲ್ಲ. ರಸ್ತೆ ಕಡೆ ರೂಮ್ ಬೇರೆ, ಅಂಗಳದ ಕಡೆ ರೂಮ್ ಬೇರೆ, ಹಂಚಿನ ಕೆಳಗಿನ ಉಪ್ಪರಿಗೆ ರೂಮ್ ಪೂರ್ತಿ ಬೇರೆ, ಒಂದೇ ರೂಮಲ್ಲೇ ಕಿಟಕಿ ಪಕ್ಕದ ಬೆಡ್ಡಿಗೂ ಬಾಗಿಲ ಪಕ್ಕದ ಬೆಡ್ಡಿಗೂ ರಾತ್ರಿ ನಿದ್ದೆ ಬರೋದ್ರಲ್ಲಿ ಅಷ್ಟು ವ್ಯತ್ಯಾಸ ಇರುತ್ತೆ. ಅದಕ್ಕೇ ನೀವು ಕಟ್ಟಡ ಆರಿಸೋದಕ್ಕಿಂತ ಜಾಸ್ತಿ ಸಮಯ ಬೆಡ್ ಆರಿಸೋದಕ್ಕೆ ಕೊಡ್ಬೇಕು. ಕೆಳಗಿನ ಹಂತಗಳನ್ನ ಇದೇ ಆರ್ಡರಲ್ಲೇ ಮಾಡಿ, ಮುಖ್ಯವಾಗಿ 3 ಆಗೋವರೆಗೆ 4ಕ್ಕೆ ಹೋಗ್ಬೇಡಿ.

ಮೊದಲು ಕೈಯಲ್ಲಿರ್ಬೇಕಾದ ಸಾಮಾನು

ಒಂದು ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಗು, ಸಣ್ಣ ಬೀಗ, ಇಯರ್‌ಪ್ಲಗ್, ಕಣ್ಣಿಗೆ ಕಟ್ಕೊಳ್ಳೋ ಪಟ್ಟಿ, ಪವರ್‌ಬ್ಯಾಂಕು, ಸಣ್ಣ ಟಾರ್ಚು, ಬೇಗ ಒಣಗೋ ತೆಳು ಟವಲ್ಲು, ರಬ್ಬರ್ ಚಪ್ಲಿ, ಮೈಗೆ ಹಚ್ಚೋ ಸೊಳ್ಳೆ ಕ್ರೀಮು, ಒರಿಜಿನಲ್ ಐಡಿ.

ಬೀಗದ ಬಗ್ಗೆ ಒಂದು ಮಾತು. ಮನೆ ಬಾಗಿಲಿಗೆ ಹಾಕೋ ದಪ್ಪ ಬೀಗ ತಗೊಂಡು ಹೋಗ್ಬೇಡಿ, ಹಾಸ್ಟೆಲ್ ಲಾಕರಿನ ಕೊಂಡಿ ತೂತು ಚಿಕ್ಕದು, ಬೀಗದ ಸರಳು ಒಳಗೇ ಹೋಗಲ್ಲ. ಸೂಟ್‌ಕೇಸಿಗೆ ಹಾಕೋ ತೀರಾ ತೆಳು ಬೀಗವೂ ಪ್ರಯೋಜನ ಇಲ್ಲ, ಕೈಯಲ್ಲಿ ಜೋರಾಗಿ ಎಳೆದ್ರೆ ಬಿಚ್ಕೊಳ್ಳುತ್ತೆ. 5 ಮಿಲಿಮೀಟರ್ ಆಸುಪಾಸು ದಪ್ಪ ಸರಳಿರೋದು ಸಾಕು, ನಂಬರ್ ಲಾಕ್ ಆದ್ರೆ ಕೀ ಕಳೆಯೋ ತಲೆನೋವೂ ಇಲ್ಲ.

ಹಂತ 1: ತಿಂಗಳು ಮೊದಲು, ಹಾಸ್ಟೆಲ್ ಆಮೇಲೆ

ಜೂನಿಂದ ಆಗಸ್ಟ್‌ವರೆಗೆ ಕೊಚ್ಚೀಲಿ ಮಳೆ ಹೊಡೆಯೋದು ನಮ್ಮ ಮಂಗಳೂರು ಉಡುಪಿ ಕಡೆಯೋರಿಗೆ ಹೊಸದೇನಲ್ಲ, ಆದ್ರೆ ಬೆಂಗಳೂರಿಂದ ಹೋಗೋರು ಹಳೇ ಗೋಡೆ ಮನೇಲಿ ಆ ಮಳೆ ಹೇಗಿರುತ್ತೆ ಅಂತ ಯೋಚಿಸಿರಲ್ಲ. ಬಟ್ಟೆ ಒಣಗಲ್ಲ, ಹಾಸಿಗೆ ಮುಟ್ಟಿದ್ರೆ ತಣ್ಣಗೆ ಪಸೆ ಪಸೆ, ಕರೆಂಟ್ ಆಗಾಗ ಹೋಗುತ್ತೆ. ಅಕ್ಟೋಬರ್ ನವೆಂಬರಲ್ಲಿ ಸಂಜೆ ಹೊತ್ತು ಗುಡುಗು ಸಮೇತ ಇನ್ನೊಂದು ಸುತ್ತು ಮಳೆ ಇರುತ್ತೆ. ಮಳೆಗಾಲದಲ್ಲಿ ಹೋಗೋದೇ ಬೇಡ ಅಂತ ಹೇಳಲ್ಲ, ದರ ಅರ್ಧಕ್ಕರ್ಧ ಇಳಿದಿರೋದೂ ಉಂಟು, ಆದ್ರೆ ಆಗ ನೆಲಮಾಳಿಗೆ ಥರ ಇರೋ ಕೆಳಗಿನ ರೂಮ್ ಬೇಡವೇ ಬೇಡ, ಉಪ್ಪರಿಗೆ ಕೇಳಿ. ಮಾರ್ಚ್ ಏಪ್ರಿಲಲ್ಲಿ ಪೂರ್ತಿ ಉಲ್ಟಾ. ಹಂಚಿನ ಕೆಳಗೆ ಮಧ್ಯಾಹ್ನ ಬೇಯುತ್ತೆ, ಆಗ ಕೆಳಗಿನ ರೂಮೇ ತಂಪು.

ಡಿಸೆಂಬರ್ ಕಡೇ ವಾರ ಬೇರೆನೇ ಲೆಕ್ಕ. ಕೊಚ್ಚಿ ಕಾರ್ನಿವಲ್, 31ರ ರಾತ್ರಿ ಪಪ್ಪಾಂಜಿ ಅನ್ನೋ ಮುದುಕನ ದೊಡ್ಡ ಬೊಂಬೆ ಸುಡೋದು, ಊರೆಲ್ಲ ಜನ, ಪೊಲೀಸರು ಗಾಡಿ ಬಿಡಲ್ಲ. ಬಿನಾಲೆ ಅಂದ್ರೆ ದೊಡ್ಡ ಕಲಾ ಪ್ರದರ್ಶನ ಇರೋ ವರ್ಷ ಡಿಸೆಂಬರಿಂದ ಮಾರ್ಚ್ ಕಡೆವರೆಗೂ ರೇಟು ಏರಿರುತ್ತೆ, ಬೆಡ್ಡೂ ಬೇಗ ಭರ್ತಿ ಆಗುತ್ತೆ. ನಿಮಗೆ ಬಿನಾಲೆ ನೋಡೋ ಆಸೆ ಇದ್ರೆ ವಾರದ ಮಧ್ಯ ಹೋಗಿ, ಶನಿವಾರ ಭಾನುವಾರ ಬಿಟ್ಬಿಡಿ.

ಹಂತ 2: ಫೋಟೋ ಪಕ್ಕಕ್ಕಿಟ್ಟು ರಿವ್ಯೂ ಓದಿ

ಫೋಟೋದಲ್ಲಿ ಕಾಣೋದು ಅಂಗಳ, ಕಮಾನು, ಬಣ್ಣದ ಗಾಜು, ಹಳೇ ಆರಾಮ್ ಕುರ್ಚಿ. ನೀವು ಮಲಗೋದು ಅಲ್ಲಿ ಅಲ್ವಲ್ಲ. ಡಾರ್ಮಿಟರಿ, ಅಂದ್ರೆ ಹಲವರು ಒಟ್ಟಿಗೆ ಮಲಗೋ ರೂಮಿನ ಒಳಗಿನ ಫೋಟೋ ಎಷ್ಟಿದೆ ನೋಡಿ, ಬಾತ್‌ರೂಮಿನ ಫೋಟೋ ಒಂದೂ ಇಲ್ಲ ಅಂದ್ರೆ ಅಲ್ಲೇ ಅನುಮಾನ ಪಡಿ. ಗೆಸ್ಟ್‌ಗಳು ಹಾಕಿರೋ ಫೋಟೋಗಳನ್ನ ಬೇರೆ ತೆಗೆದು ನೋಡಿ, ಅದ್ರಲ್ಲಿ ಗೋಡೆಯ ಕೆಳಭಾಗ ಹೇಗಿದೆ ಅಂತ ಗಮನಿಸಿ.

ಗೋಡೆ ಯಾಕೆ ಅಂದ್ರೆ, ಫೋರ್ಟ್ ಕೊಚ್ಚಿಯ ಹಳೇ ಮನೆಗಳಲ್ಲಿ ಬಹಳಷ್ಟು ಕೆಂಪು ಮುರಕಲ್ಲು, ಅದರ ಮೇಲೆ ಸುಣ್ಣದ ಗಾರೆ. ನೆಲದ ನೀರು ಕಲ್ಲಲ್ಲಿ ಮೇಲಕ್ಕೆ ಏರುತ್ತೆ, ಸುಣ್ಣದ ಗಾರೆ ಆ ಪಸೆಯನ್ನ ಹೊರಗೆ ಬಿಟ್ಟು ಒಣಗುತ್ತೆ. ರಿಪೇರಿ ಮಾಡೋವಾಗ ಅದ್ರ ಮೇಲೆ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದ್ರೆ ಪಸೆ ಒಳಗೇ ಸಿಕ್ಕಾಕ್ಕೊಳ್ಳುತ್ತೆ, ಪೇಂಟು ಗುಳ್ಳೆ ಗುಳ್ಳೆಯಾಗಿ ಉಬ್ಬುತ್ತೆ, ರೂಮು ವಾಸನೆ ಹೊಡೆಯುತ್ತೆ. ಹಾಗಾಗಿ ಗುಳ್ಳೆ ಎದ್ದ ಗೋಡೆ ಕಂಡ್ರೆ ಅದು ರಿಸ್ಟೋರ್ ಮಾಡಿದ್ದಲ್ಲ, ಬಣ್ಣ ಬಳಿದು ಮುಚ್ಚಿದ್ದು. ಬಿಳಿ ಪುಡಿ ಉದುರ್ತಾ ಇದ್ರೆ ಅದು ಉಪ್ಪು, ಅದಕ್ಕೆ ಹೆದರ್ಬೇಕಾಗಿಲ್ಲ. ಕಪ್ಪು ಚುಕ್ಕೆ ಇದ್ದು ಮುಗ್ಗಲು ವಾಸನೆ ಅಂತ ರಿವ್ಯೂದಲ್ಲಿ ಬರೆದಿದ್ರೆ ಅದು ಬೂಷ್ಟು, ಅಸ್ತಮಾ ಅಲರ್ಜಿ ಇರೋರು ಅಲ್ಲಿಗೆ ಹೋಗ್ಲೇಬೇಡಿ.

ರಿವ್ಯೂ ಓದೋದಕ್ಕೂ ಒಂದು ಕ್ರಮ ಇದೆ. ಹೊಸದು ಮೊದಲು ಬರೋ ಹಾಗೆ ಜೋಡಿಸ್ಕೊಳ್ಳಿ, ನೀವು ಹೋಗೋ ತಿಂಗಳಲ್ಲಿ ಬರೆದಿರೋದನ್ನ ಮಾತ್ರ ಹುಡುಕಿ, ಐದು ಸ್ಟಾರ್ ಒಂದು ಸ್ಟಾರ್ ಎರಡನ್ನೂ ಬಿಟ್ಟು ಮೂರು ನಾಲ್ಕು ಸ್ಟಾರ್ ಕೊಟ್ಟೋರು ಏನ್ ಬರೆದಿದ್ದಾರೆ ಓದಿ. ಅವ್ರೇ ಸತ್ಯ ಹೇಳೋದು. ಜನವರಿ ರಿವ್ಯೂ ಓದಿ ಜುಲೈಗೆ ಬುಕ್ ಮಾಡೋದೇ ನಾನು ಕಂಡ ಹಾಗೆ ದೊಡ್ಡ ತಪ್ಪು. ತಿಗಣೆ ಅನ್ನೋ ಮಾತು ಕಳೆದ ಮೂರು ನಾಲ್ಕು ತಿಂಗಳಲ್ಲಿ ಎರಡು ಬೇರೆ ಬೇರೆ ಜನ ಬರೆದಿದ್ರೆ ಆ ಜಾಗ ಬಿಡಿ, ಹಳೇ ಮರದ ಸಂದಿಯಿಂದ ಅವನ್ನ ಓಡ್ಸೋದು ಸುಲಭ ಅಲ್ಲ.

ಹಂತ 3: ದುಡ್ಡು ಕಟ್ಟೋ ಮುಂಚೆ ಮೆಸೇಜ್ ಹಾಕಿ

ಎಲ್ಲರೂ ಬಿಡೋ ಹಂತ ಇದೇ, ಎಲ್ಲಾ ತೊಂದರೆಯೂ ಇಲ್ಲಿಂದಲೇ ಶುರು. ಹಾಸ್ಟೆಲಿನ ವಾಟ್ಸಾಪ್ ನಂಬರಿಗೆ ಇಂಗ್ಲಿಷಲ್ಲೋ ಹಿಂದಿಯಲ್ಲೋ ಬರೆಯಿರಿ, ಮಲಯಾಳಂ ಬಂದ್ರಂತೂ ಇನ್ನೂ ಚೆನ್ನ. ಕೇಳ್ಬೇಕಾದ್ದು ಇಷ್ಟು:

1. ನಂಗೆ ಸಿಗೋ ಡಾರ್ಮಿಟರಿ ಕೆಳಗಿಂದೋ ಉಪ್ಪರಿಗೆಯದೋ? ಉಪ್ಪರಿಗೆ ಆದ್ರೆ ಮೇಲೆ ಸೀಲಿಂಗ್ ಇದೆಯಾ, ಬರೀ ಹಂಚಾ?
2. ಕಿಟಕಿ ರಸ್ತೆ ಕಡೆಗೋ ಅಂಗಳದ ಕಡೆಗೋ?
3. ಬಾತ್‌ರೂಮು ಅದೇ ಮಹಡೀಲಿ ಇದೆಯಾ, ಮೆಟ್ಟಿಲು ಇಳಿದು ಹೋಗ್ಬೇಕಾ?
4. ಕೆಳಗಿನ ಬಂಕ್ (ಒಂದರ ಮೇಲೊಂದು ಇರೋ ಬೆಡ್ಡಲ್ಲಿ ಕೆಳಗಿಂದು) ಕೊಡೋಕಾಗುತ್ತಾ, ಅದನ್ನ ಬುಕಿಂಗಲ್ಲಿ ಬರೆದಿಡ್ತೀರಾ?
5. ಎಸಿ ದಿನಪೂರ್ತಿನಾ, ರಾತ್ರಿ ಮಾತ್ರನಾ? ಕರೆಂಟ್ ಹೋದ್ರೆ ಫ್ಯಾನಿಗೆ ಬ್ಯಾಕಪ್ ಇದೆಯಾ?
6. ಚೆಕ್‌ಇನ್ ಮುಂಚೆ ಬಂದ್ರೆ ಬ್ಯಾಗ್ ಇಡಬಹುದಾ, ಸ್ನಾನ ಮಾಡಬಹುದಾ?
7. ರಾತ್ರಿ ಗೇಟ್ ಎಷ್ಟೊತ್ತಿಗೆ ಹಾಕ್ತೀರಿ, ಆಮೇಲೆ ಯಾರಾದ್ರೂ ಇರ್ತಾರಾ?

ಎರಡನೇ ಪ್ರಶ್ನೆ ಸಣ್ಣದು ಅನ್ಸುತ್ತೆ, ಅಲ್ಲ. ಇಲ್ಲಿ ಮನೆ ಮುಂಭಾಗವನ್ನ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ, ಹೆರಿಟೇಜ್ ನಿಯಮ ಇದೆ, ಮರದ ಕಿಟಕಿ ಮರದ್ದಾಗೇ ಇರುತ್ತೆ. ಸಂದಿ ಇರೋ ಆ ಕಿಟಕಿ ಬಾಗಿಲುಗಳು ಗಾಳಿ ಬಿಟ್ಟ ಹಾಗೆ ಸದ್ದನ್ನೂ ಬಿಡುತ್ವೆ. ಪ್ರಿನ್ಸೆಸ್ ಸ್ಟ್ರೀಟ್, ಬರ್ಗರ್ ಸ್ಟ್ರೀಟ್ ಕಡೆ ರಸ್ತೆಗೆ ಮುಖ ಮಾಡಿದ ರೂಮಲ್ಲಿ ಆಟೋ ಬೈಕಿನ ಸದ್ದು ರಾತ್ರಿ ತಡವಾಗೋವರೆಗೂ ಕೇಳುತ್ತೆ. ಬೀಚಿನ ಕಡೆಯ ಒಳರಸ್ತೆಗಳು ಬೇಗ ಶಾಂತ ಆಗುತ್ವೆ.

ಮೂರನೇದು ಅಪ್ಪ ಅಮ್ಮನ ಜೊತೆ ಹೋಗೋರಿಗೆ, ಮೊಣಕಾಲು ನೋವಿರೋರಿಗೆ ಎಲ್ಲಕ್ಕಿಂತ ಮುಖ್ಯ. ಹಳೇ ಮನೆ ಕಟ್ಟಿದಾಗ ಮಹಡಿ ಮೇಲೆ ಬಾತ್‌ರೂಮು ಅನ್ನೋದೇ ಇರ್ಲಿಲ್ಲ, ಆಮೇಲೆ ಸೇರಿಸಿದ್ದು. ಮರದ ಹಲಗೆ ನೆಲದ ಮೇಲೆ ನೀರಿನ ಕೆಲಸ ಮಾಡೋದು ಅಪಾಯ ಅಂತ ಎಷ್ಟೋ ಕಡೆ ಹಿತ್ತಿಲಲ್ಲೋ ಅಂಗಳದ ಪಕ್ಕದಲ್ಲೋ ಕಟ್ಟಿದ್ದಾರೆ. ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಕಡಿದಾದ ಮೆಟ್ಟಿಲು ಇಳಿದು ಅಂಗಳ ದಾಟಿ ಹೋಗೋದು ವಯಸ್ಸಾದೋರಿಗೆ ಹೇಳೋ ಮಾತಲ್ಲ. ಲಿಫ್ಟ್ ಇದೆಯಾ ಅಂತ ಕೇಳೋದೇ ಬೇಡ, ಇರಲ್ಲ ಅಂದ್ಕೊಂಡೇ ಪ್ಲಾನ್ ಮಾಡಿ.

ಉತ್ತರ ಹೇಗೆ ಬರುತ್ತೆ ಅನ್ನೋದನ್ನೂ ನೋಡಿ. ನೇರವಾಗಿ ಕೆಳಗಿನ ಮಹಡಿ, ಅಂಗಳದ ಕಡೆ, ಬಾತ್‌ರೂಮ್ ಪಕ್ಕದಲ್ಲೇ ಅಂತ ಬರೆದ್ರೆ ಒಳ್ಳೇ ಲಕ್ಷಣ. ಏಳೂ ಪ್ರಶ್ನೆಗೆ ಎಲ್ಲಾ ಚೆನ್ನಾಗಿದೆ ಬನ್ನಿ ಅಂತ ಒಂದೇ ಸಾಲು ಬಂದ್ರೆ ಬೇರೆ ಜಾಗ ನೋಡಿ.

ಹಂತ 4: ಬುಕಿಂಗ್, ಟ್ಯಾಕ್ಸ್, ಐಡಿ

ಡಾರ್ಮಿಟರಿ ಬೆಡ್ ಸಾಮಾನ್ಯವಾಗಿ ಐನೂರು ರೂಪಾಯಿಂದ ಸಾವಿರದ ಆಸುಪಾಸು, ಸೀಸನಲ್ಲಿ ಇನ್ನೂ ಜಾಸ್ತಿ. ಪ್ರೈವೇಟ್ ರೂಮ್ ಆದ್ರೆ ಮೂರು ನಾಲ್ಕು ಪಟ್ಟು, ಅಷ್ಟು ಕೊಡೋದಾದ್ರೆ ಪಕ್ಕದ ಹೋಂಸ್ಟೇ ರೇಟನ್ನೂ ಹೋಲಿಸಿ ನೋಡಿ. ಆಪಲ್ಲಿ ತೋರಿಸೋ ದರಕ್ಕೆ ಟ್ಯಾಕ್ಸ್ ಸೇರಿದೆಯಾ ಅಂತ ಕಡೇ ಪೇಜಲ್ಲಿ ಗೊತ್ತಾಗುತ್ತೆ. ದಿನಕ್ಕೆ 7500 ರೂಪಾಯಿ ಒಳಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5% ಆಗಿದೆ, ಯಾರಾದ್ರೂ ಇನ್ನೂ 12% ಅಂತ ಹಾಕಿದ್ರೆ ಬಿಲ್ ಕೇಳಿ.

ಮೊದಲ ಸಲ ಹೋಗೋ ಜಾಗಕ್ಕೆ ಒಂದೇ ರಾತ್ರಿ ಬುಕ್ ಮಾಡಿ, ಹಿಡಿಸಿದ್ರೆ ಅಲ್ಲೇ ಮುಂದುವರಿಸಿ. ನಾಲ್ಕು ರಾತ್ರಿ ನಾನ್-ರಿಫಂಡೆಬಲ್ ಅಂತ ಸ್ವಲ್ಪ ಕಡಿಮೆಗೆ ತಗೊಂಡು ಎರಡನೇ ದಿನ ಬಿಟ್ಟು ಹೋದೋರನ್ನ ಬಹಳ ನೋಡಿದ್ದೀನಿ. ಸೀಸನಲ್ಲಿ ಮಾತ್ರ ಈ ಉಪಾಯ ನಡೆಯಲ್ಲ, ಮಾರನೇ ದಿನ ಬೆಡ್ ಇರೋದೇ ಇಲ್ಲ.

ಐಡಿಗೆ ವಿಳಾಸ ಇರೋದೇ ಬೇಕು: ಆಧಾರ್, ಡಿಎಲ್, ವೋಟರ್ ಐಡಿ, ಪಾಸ್‌ಪೋರ್ಟ್. ಪ್ಯಾನ್ ಕಾರ್ಡಲ್ಲಿ ವಿಳಾಸ ಇಲ್ಲ, ಅದಕ್ಕೇ ತಗೊಳ್ಳಲ್ಲ. ವಾಟ್ಸಾಪಲ್ಲಿ ಆಧಾರ್ ಫೋಟೋ ಕಳಿಸಿ ಅಂದ್ರೆ ಕಡೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕಳಿಸಿ, ಆಧಾರ್ ವೆಬ್‌ಸೈಟಿಂದ ಡೌನ್‌ಲೋಡ್ ಮಾಡೋವಾಗ ಆ ಆಯ್ಕೆ ಇರುತ್ತೆ. ಕೆಲವು ಹಾಸ್ಟೆಲಲ್ಲಿ ಅದೇ ಊರಿನ ವಿಳಾಸ ಇರೋರಿಗೆ ಬೆಡ್ ಕೊಡಲ್ಲ, ಹಾಗಾಗಿ ಕೆಲಸಕ್ಕೆ ಅಂತ ಕೊಚ್ಚೀಲೇ ಇದ್ದು ಆಧಾರ್ ಅಲ್ಲಿಗೆ ಬದಲಾಯಿಸಿರೋ ನಮ್ಮೋರು ಮೊದಲೇ ಕೇಳ್ಕೊಳ್ಳಿ. ಹದಿನೆಂಟು ತುಂಬದವರನ್ನ ಡಾರ್ಮಿಟರಿಗೆ ಬಿಡದೇ ಇರೋದೂ ಸಾಮಾನ್ಯ, ಮಕ್ಕಳ ಜೊತೆ ಹೋಗೋರು ಪ್ರೈವೇಟ್ ರೂಮೇ ಕೇಳ್ಬೇಕು. ಅಮೆರಿಕಾದಿಂದ ಬಂದಿರೋ ಅಣ್ಣನೋ ಅತ್ತಿಗೆನೋ ಜೊತೆಗಿದ್ದು ಅವ್ರದ್ದು ವಿದೇಶಿ ಪಾಸ್‌ಪೋರ್ಟ್ ಆಗಿದ್ರೆ, ಹಾಸ್ಟೆಲಿನೋರು 24 ಗಂಟೆ ಒಳಗೆ ಅವ್ರ ವಿವರ ಸರ್ಕಾರಕ್ಕೆ ಕೊಡ್ಬೇಕು, ಅದಕ್ಕೆ ಪಾಸ್‌ಪೋರ್ಟು ಮತ್ತು ವೀಸಾ ಅಥವಾ (ಭಾರತೀಯ ಮೂಲದೋರಿಗೆ ಕೊಡೋ) ಒಸಿಐ ಕಾರ್ಡು ಒರಿಜಿನಲ್ಲೇ ಬೇಕು.

ಹಂತ 5: ಬ್ಯಾಗ್ ತುಂಬೋದು

ಚಕ್ರದ ಸೂಟ್‌ಕೇಸ್ ಮನೇಲೇ ಬಿಡಿ. ಮರದ ಮೆಟ್ಟಿಲು ಕಡಿದು, ಅಗಲ ಕಡಿಮೆ, ಒಂದು ಕೈ ಕಟಕಟೆ ಹಿಡಿಯೋಕೆ ಬೇಕೇಬೇಕು. ಹಲಗೆ ಮೇಲೆ ಚಕ್ರ ಎಳೆದ್ರೆ ಗೀರು ಬೀಳುತ್ತೆ, ಕೆಳಗೆ ಮಲಗಿರೋರಿಗೆ ಗುಡುಗು ಕೇಳಿದ ಹಾಗಾಗುತ್ತೆ.

ಒಳಗೆ ಮೂರು ಚೀಲ ಮಾಡ್ಕೊಳ್ಳಿ: ರಾತ್ರಿ ಬೇಕಾಗಿದ್ದು ಒಂದು, ಸ್ನಾನಕ್ಕೆ ಬೇಕಾಗಿದ್ದು ಒಂದು, ಉಳಿದ ಬಟ್ಟೆ ಒಂದು. ಪ್ಲಾಸ್ಟಿಕ್ ಕವರ್ ಬೇಡ, ಬಟ್ಟೆ ಚೀಲ. ಡಾರ್ಮಿಟರೀಲಿ ಬೆಳಗ್ಗೆ ಐದಕ್ಕೆ ಪ್ಲಾಸ್ಟಿಕ್ ಕವರ್ ಪರಪರ ಅನ್ನಿಸೋರಿಂದಾಗಿ ಎಂಟು ಜನಕ್ಕೆ ಎಚ್ಚರ ಆಗುತ್ತೆ. ಚಕ್ಕುಲಿ ನಿಪ್ಪಟ್ಟು ಕಟ್ಕೊಂಡು ಹೋಗೋದಾದ್ರೆ ಬಿಗಿ ಮುಚ್ಚಳದ ಡಬ್ಬೀಲಿ ಇಡಿ, ಹಂಚಿನ ಮನೇಲಿ ಇರುವೆ ಇಲಿ ಎರಡೂ ಇರುತ್ವೆ.

ಹಂತ 6: ತಲುಪೋದು

ರೈಲಲ್ಲಿ ಹೋದ್ರೆ ಇಳಿಯೋದು ಎರ್ನಾಕುಲಂ ಜಂಕ್ಷನ್ ಅಥವಾ ಎರ್ನಾಕುಲಂ ಟೌನ್. ಜನ ಮೊದಲನೇದಕ್ಕೆ ಸೌತ್ ಅಂತಾರೆ, ಎರಡನೇದಕ್ಕೆ ನಾರ್ತ್ ಅಂತಾರೆ, ನಿಮ್ಮ ರೈಲು ಯಾವುದಕ್ಕೆ ಹೋಗುತ್ತೆ ಟಿಕೆಟಲ್ಲಿ ನೋಡ್ಕೊಳ್ಳಿ. ಅಲ್ಲಿಂದ ಫೋರ್ಟ್ ಕೊಚ್ಚಿಗೆ ರಸ್ತೇಲಿ ತೋಪ್ಪುಂಪಡಿ ಮೇಲೆ ಸುಮಾರು 12 ಕಿಲೋಮೀಟರ್, ಸಂಜೆ ಟ್ರಾಫಿಕಲ್ಲಿ ಸಿಕ್ಕಾಕ್ಕೊಂಡ್ರೆ ಗಂಟೆ ಹತ್ರ ಆಗುತ್ತೆ. ನೀರಿನ ದಾರಿನೇ ಚೆನ್ನ. ಎರ್ನಾಕುಲಂ ಬೋಟ್ ಜೆಟ್ಟಿಯಿಂದ ಸರ್ಕಾರಿ ಬೋಟು ಚಿಲ್ಲರೆ ದುಡ್ಡಲ್ಲಿ ದಾಟಿಸುತ್ತೆ, ಇಲ್ಲಾ ಹೈಕೋರ್ಟ್ ಟರ್ಮಿನಲಿಂದ ಎಸಿ ಇರೋ ವಾಟರ್ ಮೆಟ್ರೋ. 2024ರ ಏಪ್ರಿಲಿಂದ ಅದು ನೇರ ಫೋರ್ಟ್ ಕೊಚ್ಚಿಗೇ ಹೋಗುತ್ತೆ, ರಜೆ ದಿನ ಮಾತ್ರ ಕ್ಯೂ ಉದ್ದ. ದೊಡ್ಡ ಬ್ಯಾಗ್ ಇಟ್ಕೊಂಡು ಆ ಕ್ಯೂನಲ್ಲಿ ನಿಲ್ಲೋದಕ್ಕಿಂತ ಸರ್ಕಾರಿ ಬೋಟೇ ವಾಸಿ. ರಾತ್ರಿ ತಡವಾದ್ರೆ ಎರಡೂ ಇರಲ್ಲ, ಆಗ ಆಟೋ ಅಥವಾ ಕ್ಯಾಬೇ ಗತಿ.

ರಾತ್ರಿ ಬಸ್ಸಲ್ಲಿ ಬೆಂಗಳೂರು ಬಿಟ್ಟೋರು ಬೆಳಗ್ಗೆ ಏಳು ಎಂಟಕ್ಕೆ ಬಂದಿಳಿತಾರೆ, ಚೆಕ್‌ಇನ್ ಇರೋದು ಒಂದು ಅಥವಾ ಎರಡಕ್ಕೆ. ಈ ಆರೇಳು ಗಂಟೆಗೆ ಪ್ಲಾನ್ ಇಲ್ದೇ ಹೋಗಿ ರಿಸೆಪ್ಷನಲ್ಲಿ ಜಗಳ ಆಡೋದು ಬೇಡ. ಹಂತ 3ರಲ್ಲಿ ಕೇಳಿದ ಹಾಗೆ ಬ್ಯಾಗ್ ಇಟ್ಟು, ಮುಖ ತೊಳ್ಕೊಂಡು, ದಡದಲ್ಲಿರೋ ಚೀನಾ ಮೀನುಬಲೆ ಕಡೆ ನಡೆದು ಹೋಗಿ, ಬಿಸಿಲು ಏರೋ ಮುಂಚೆ ಊರು ನೋಡೋಕೆ ಅದೇ ಒಳ್ಳೇ ಹೊತ್ತು. ಪೂರ್ತಿ ಸುಸ್ತಾಗಿರ್ತೀನಿ ಅನ್ನೋರು ಹಗಲು ರೈಲಲ್ಲಿ ಬನ್ನಿ, ಬೆಂಗಳೂರಿಂದ ಇಂಟರ್‌ಸಿಟಿ ಬೆಳಗ್ಗೆ ಬಿಟ್ಟು ಸಂಜೆ ಹೊತ್ತಿಗೆ ಎರ್ನಾಕುಲಂ ಸೇರಿಸುತ್ತೆ, ಬಂದ ತಕ್ಷಣ ಬೆಡ್ ಸಿಗುತ್ತೆ.

ಹಂತ 7: ಒಳಗೆ ಹೋದ ಮೊದಲ ಹದಿನೈದು ನಿಮಿಷ

ಬ್ಯಾಗನ್ನ ಹಾಸಿಗೆ ಮೇಲೆ ಹಾಕ್ಬೇಡಿ. ಬಾಗಿಲ ಪಕ್ಕ ಬರೀ ನೆಲದ ಮೇಲಿಟ್ಟು ಈ ಆರ್ಡರಲ್ಲಿ ನೋಡಿ.

ಮೊದಲು ತಿಗಣೆ. ಟಾರ್ಚ್ ಹಿಡಿದು ಬೆಡ್‌ಶೀಟ್ ಮೂಲೆ ಎತ್ತಿ ಹಾಸಿಗೆಯ ಹೊಲಿಗೆ ಉದ್ದಕ್ಕೂ ನೋಡಿ, ಆಮೇಲೆ ಬಂಕಿನ ಮರ ಜೋಡಿಸಿರೋ ಸಂದಿ, ಗೋಡೆಗೆ ತಾಗಿರೋ ಕಡೆ, ಸ್ಕ್ರೂ ತೂತುಗಳು. ಪೆನ್ನಲ್ಲಿ ಚುಕ್ಕೆ ಇಟ್ಟ ಹಾಗೆ ಕಪ್ಪು ಕಲೆ, ತುಕ್ಕಿನ ಬಣ್ಣದ ಸಣ್ಣ ಗೀಟು, ಒಣಗಿದ ಸಿಪ್ಪೆ ಕಂಡ್ರೆ ಅಲ್ಲಿ ಇವೆ ಅಂತ ಅರ್ಥ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್, ಬರಿಗಣ್ಣಿಗೆ ಕಾಣುತ್ತೆ, ಹಗಲು ಹೊರಗೆ ಬರಲ್ಲ ಅಷ್ಟೇ. ಕಂಡ್ರೆ ಫೋಟೋ ತೆಗೆದು ಕೂಡಲೇ ತೋರಿಸಿ, ಅದೇ ರೂಮಲ್ಲಿ ಬೇರೆ ಬೆಡ್ ಕೊಟ್ರೆ ಒಪ್ಕೋಬೇಡಿ, ಬೇರೆ ರೂಮೇ ಕೇಳಿ. ಬಂಕಿನ ಕೆಳಗೆ ಮರದ ಪುಡಿ ರಾಶಿ ಬಿದ್ದಿದ್ರೆ ಅದು ಹುಳ ಕೊರೆದಿದ್ದು, ನಿಮ್ಮನ್ನ ಕಚ್ಚಲ್ಲ, ಆದ್ರೂ ಬಂಕ್ ಅಲ್ಲಾಡಿಸಿ ಗಟ್ಟಿ ಇದೆಯಾ ನೋಡಿ.

ಆಮೇಲೆ ಫ್ಯಾನು. ಮೇಲಿನ ಬಂಕ್ ಸಿಕ್ಕಿದ್ರೆ ಅಲ್ಲಿ ಕೂತು ಕೈ ಚಾಚಿದಾಗ ರೆಕ್ಕೆ ಎಷ್ಟು ದೂರ ಅಂತ ಫ್ಯಾನ್ ಆಫ್ ಇರೋವಾಗ್ಲೇ ನೋಡ್ಕೊಳ್ಳಿ. ಕೈಗೆ ಸಿಗೋ ಹಾಗಿದ್ರೆ ಆ ಬೆಡ್ ಬೇಡ, ನಿದ್ದೆಗಣ್ಣಲ್ಲಿ ಎದ್ದು ಕೂತಾಗ ಆಗೋ ಅನಾಹುತ ಅದು.

ಮೂರನೇದು ಹೊರಗೆ ಹೋಗೋ ದಾರಿ. ಮರದ ಮಹಡಿ, ಮರದ ತೊಲೆ, ಮರದ ಮೆಟ್ಟಿಲು. ಬೆಂಕಿ ಹತ್ತಿದ್ರೆ ಆ ಒಂದೇ ಮೆಟ್ಟಿಲು ನಂಬೋಕಾಗಲ್ಲ. ಇನ್ನೊಂದು ಮೆಟ್ಟಿಲು ಎಲ್ಲಿದೆ, ಬಾಲ್ಕನಿ ಬಾಗಿಲು ತೆಗೆಯೋಕೆ ಬರುತ್ತಾ, ಕಿಟಕಿಗೆ ಸರಳಿದೆಯಾ, ಬೆಂಕಿ ಆರಿಸೋ ಕೆಂಪು ಸಿಲಿಂಡರ್ ಎಲ್ಲಿ ತೂಗುಹಾಕಿದ್ದಾರೆ ಅಂತ ಒಂದು ಸಲ ನಡೆದು ನೋಡಿ. ಉಪ್ಪರಿಗೆಗೆ ಒಂದೇ ಮೆಟ್ಟಿಲು, ಕಿಟಕಿಗೆಲ್ಲ ಸರಳು, ಸಿಲಿಂಡರೂ ಇಲ್ಲ ಅಂದ್ರೆ ಎಷ್ಟೇ ಚೆಂದ ಇದ್ರೂ ನಾನು ಅಲ್ಲಿ ಮಲಗಲ್ಲ, ನೀವೂ ಮಲಗ್ಬೇಡಿ.

ಕಡೆಗೆ ಲಾಕರಿಗೆ ಬೀಗ ಹಾಕಿ ಎಳೆದು ನೋಡೋದು, ಬೆಡ್ ಪಕ್ಕದ ಪ್ಲಗ್ ಕೆಲಸ ಮಾಡುತ್ತಾ ನೋಡೋದು. ಪ್ಲಗ್ ಸಡಿಲ ಇದ್ದು ಕಿಡಿ ಹಾರಿದ್ರೆ ಅಥವಾ ಸುಟ್ಟ ವಾಸನೆ ಬಂದ್ರೆ ಚಾರ್ಜರ್ ಕಿತ್ತು ತಕ್ಷಣ ಹೇಳಿ.

ಹಂತ 8: ರಾತ್ರಿ

ನಿಮ್ಮ ಸೀಲಿಂಗೇ ಮೇಲಿನೋರ ನೆಲ. ನಡುವೆ ಕಾಂಕ್ರೀಟ್ ಇಲ್ಲ, ತೊಲೆ ಮೇಲೆ ಹಲಗೆ ಅಷ್ಟೇ, ಹೆಜ್ಜೆ ಇಟ್ರೂ ಕೇಳುತ್ತೆ, ನಾಣ್ಯ ಬಿದ್ರೂ ಕೇಳುತ್ತೆ. ಇದನ್ನ ಯಾರೂ ಸರಿ ಮಾಡೋಕಾಗಲ್ಲ, ಇಯರ್‌ಪ್ಲಗ್ ಹಾಕ್ಕೊಂಡೇ ಮಲಗಿ. ನೀವು ಮೇಲಿದ್ರೆ ರಾತ್ರಿ ಹತ್ತರ ಮೇಲೆ ಬರಿಗಾಲಲ್ಲಿ ಓಡಾಡಿ, ಹಲಗೆ ನಡುಮಧ್ಯ ತುಳಿಯೋ ಬದಲು ಗೋಡೆ ಪಕ್ಕ ನಡೀರಿ, ಅಲ್ಲಿ ತೊಲೆಯ ತುದಿ ಗೋಡೆ ಮೇಲೆ ಕೂತಿರೋದ್ರಿಂದ ಹಲಗೆ ಕಿರ್ ಅನ್ನೋದು ಕಡಿಮೆ.

ಮಲಗೋ ಮುಂಚೆ, ಲೈಟ್ ಇರೋವಾಗ್ಲೇ ನಾಳೆ ಬೆಳಗ್ಗೆಯ ಬಟ್ಟೆ, ಬ್ರಷ್ಷು, ನೀರು, ಟಾರ್ಚು ತಲೆ ಹತ್ರ ಇಟ್ಕೊಳ್ಳಿ. ರೂಮಿನ ದೊಡ್ಡ ಲೈಟು ಹತ್ತಿಸದೇ ಎದ್ದು ಹೋಗೋ ಹಾಗಿರ್ಬೇಕು. ಫೋನಲ್ಲಿ ಮಾತಾಡೋದೆಲ್ಲ ಜಗಲೀಲೋ ಅಂಗಳದಲ್ಲೋ, ಆದ್ರೆ ಅಂಗಳದಲ್ಲಿ ಮೆಲ್ಲಗೆ ಮಾತಾಡಿದ್ದೂ ನಾಲ್ಕೂ ಕಡೆ ರೂಮಿಗೆ ಕೇಳುತ್ತೆ ಅನ್ನೋದು ನೆನಪಿರ್ಲಿ.

ಹಳೇ ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಎಲ್ಲರೂ ಬಗ್ಗೋದು ನೆನಪಿಟ್ಕೊಂಡು ಕಾಲೆತ್ತೋದು ಮರೀತಾರೆ. ವೈಫೈ ದಪ್ಪ ಗೋಡೆ ದಾಟಲ್ಲ, ರಾತ್ರಿ ಆಫೀಸ್ ಕೆಲಸ ಇರೋರು ರೌಟರ್ ಯಾವ ರೂಮಲ್ಲಿದೆ ಕೇಳಿ ಅಲ್ಲೇ ಕೂರಿ.

ಹಂತ 9: ಮನೆಗೆ ಪೆಟ್ಟಾಗದ ಹಾಗೆ ಇರೋದು

ಒದ್ದೆ ಟವಲ್ ಮರದ ಕಟಕಟೆ ಮೇಲೆ, ಬಂಕಿನ ಮೇಲೆ ಹಾಕ್ಬೇಡಿ, ಮರ ನೀರು ಕುಡಿದು ಉಬ್ಬುತ್ತೆ, ಪಾಲಿಶ್ ಬಿಳಿಯಾಗುತ್ತೆ. ಹಿತ್ತಿಲಲ್ಲೋ ತಾರಸೀಲೋ ಹಗ್ಗ ಕಟ್ಟಿರ್ತಾರೆ, ಕೇಳಿ. ಗೋಡೆಗೆ ಅಂಟಿಸೋ ಹುಕ್ ಕಿತ್ತಾಗ ಸುಣ್ಣದ ಪದರವೇ ಎದ್ದು ಬರುತ್ತೆ, ಸರಿ ಮಾಡೋಕೆ ಪೇಂಟರ್ ಸಾಲದು, ಗಾರೆ ಕೆಲಸ ಗೊತ್ತಿರೋರೇ ಬರ್ಬೇಕು.

ಕಾಫಿ ಇಲ್ದೇ ಆಗಲ್ಲ ಅಂತ ಎಲೆಕ್ಟ್ರಿಕ್ ಕೆಟಲ್ ತಂದು ಬೆಡ್ ಪಕ್ಕದ ಪ್ಲಗ್ಗಿಗೆ ಹಾಕೋರು ಇದ್ದಾರೆ. ಆ ಪ್ಲಗ್ ಮೊಬೈಲಿಗೆ ಅಂತ ಕೊಟ್ಟಿರೋದು, ಕೆಟಲ್ ಸಾವಿರ ವ್ಯಾಟಿನ ಮೇಲೆ ಎಳೆಯುತ್ತೆ, ಮರದ ಗೋಡೆ ಒಳಗೆ ಓಡೋ ವೈರು ಕಾಯುತ್ತೆ. ಅಡುಗೆಮನೇಲೇ ಕಾಯಿಸ್ಕೊಳ್ಳಿ. ಸೊಳ್ಳೆ ಬತ್ತಿ, ಊದುಬತ್ತಿ, ಮೇಣದಬತ್ತಿ ಯಾವುದೂ ರೂಮೊಳಗೆ ಬೇಡ. ಸೊಳ್ಳೆ ಮಾತ್ರ ಧಾರಾಳವಾಗಿವೆ, ಸಂಜೆ ಆರಕ್ಕೇ ಕಿಟಕಿ ಹಾಕಿ ಕ್ರೀಮ್ ಹಚ್ಕೊಳ್ಳಿ.

ಹಂತ 10: ಸ್ನಾನ, ಊಟ

ಎಲ್ಲರಿಗೂ ಸೇರಿ ಒಂದು ಗೀಸರ್ ಇರೋ ಕಡೆ ಎಂಟರಿಂದ ಒಂಬತ್ತೂವರೆಗೆ ನೂಕುನುಗ್ಗಲು. ಏಳರ ಒಳಗೆ ಮುಗಿಸಿ, ಇಲ್ಲಾ ಸಂಜೆ ಮಾಡಿ.

ತಿಂಡಿ ಸೇರಿದೆ ಅಂದ್ರೆ ಹೆಚ್ಚಿನ ಕಡೆ ಬ್ರೆಡ್ಡು, ಮೊಟ್ಟೆ, ಹಣ್ಣು. ಸಸ್ಯಾಹಾರಿಗಳು ಮಟ್ಟಾಂಚೇರಿಯ ಗುಜರಾತಿ ರೋಡ್ ಕಡೆ ಹೋಗಿ, ಅಲ್ಲಿ ಶುದ್ಧ ಸಸ್ಯಾಹಾರ ಸಿಗುತ್ತೆ. ಹತ್ರದ ಚೆರ್ಲಾಯಿಲಿ ಕೊಂಕಣಿ ಮಾತಾಡೋ ಗೌಡ ಸಾರಸ್ವತರು ತಲೆತಲಾಂತರದಿಂದ ಇದ್ದಾರೆ, ಕರಾವಳಿಯೋರಿಗೆ ಆ ಬೀದಿಲಿ ಮಾತೂ ಊಟವೂ ಹೊಸದು ಅನ್ಸಲ್ಲ.

ಹಂತ 11: ಏನಾದ್ರೂ ಸರಿ ಇಲ್ಲ ಅಂದ್ರೆ

ಮೊದಲು ಡ್ಯೂಟೀಲಿರೋರ ಹತ್ರ ನೇರವಾಗಿ ಹೇಳಿ, ಅದನ್ನೇ ವಾಟ್ಸಾಪಲ್ಲಿ ಫೋಟೋ ಸಮೇತ ಬರೆಯಿರಿ, ಆಮೇಲೆ ಬುಕಿಂಗ್ ಆಪಲ್ಲಿ ದೂರು. ಈ ಆರ್ಡರ್ ತಪ್ಪಿಸಿ ನೇರ ಆಪಿಗೆ ಹೋದ್ರೆ ಹಾಸ್ಟೆಲಿಗೆ ಹೇಳಿದ್ರಾ ಅಂತ ಅವ್ರು ಮೊದಲು ಕೇಳೋದೇ ಅದನ್ನ. ಬೆಳಗ್ಗೆ ಎದ್ದು ಹೇಳ್ತೀನಿ ಅಂತ ಒಂದು ರಾತ್ರಿ ಮಲಗಿಬಿಟ್ರೆ ಆ ರಾತ್ರಿ ದುಡ್ಡು ವಾಪಸ್ ಸಿಗೋದು ಕಷ್ಟ.

ಯಾವಾಗ ಕೂಡಲೇ ಹೊರಡ್ಬೇಕು? ಮಳೆ ನೀರು ಸ್ವಿಚ್‌ಬೋರ್ಡ್ ಹತ್ರ ಇಳೀತಿದ್ರೆ, ತೊಲೆ ಜಗ್ಗಿ ಹಲಗೆ ಕಾಲಡಿ ಬಗ್ತಾ ಇದ್ರೆ, ಲೇಡೀಸ್ ಡಾರ್ಮಿಟರಿ ಅಂತ ಬುಕ್ ಮಾಡಿದ್ದಕ್ಕೆ ಕಡೇ ಗಳಿಗೇಲಿ ಮಿಕ್ಸೆಡ್ ಕೊಟ್ರೆ, ಬಾಗಿಲ ಚಿಲಕ ಒಳಗಿಂದ ಬೀಳದೇ ಇದ್ರೆ, ಸ್ಟಾಫ್ ಯಾರೋ ಕೇಳದೇ ರೂಮೊಳಗೆ ಬಂದ್ರೆ. ದುಡ್ಡಿನ ಮಾತು ಆಮೇಲೆ ಆಡಬಹುದು. ಹೆದರಿಕೆ ಆಗೋ ಹಾಗಿದ್ರೆ 112ಕ್ಕೆ ಫೋನ್ ಮಾಡಿ. ಒಬ್ಬರೇ ಹೋಗೋ ಹೆಣ್ಣುಮಕ್ಕಳು ಹತ್ರದ ಇನ್ನೊಂದು ಹೋಂಸ್ಟೇ ನಂಬರ್ ಹೊರಡೋ ಮುಂಚೆನೇ ಫೋನಲ್ಲಿ ಸೇವ್ ಮಾಡಿಟ್ಕೊಳ್ಳಿ.

ಹಂತ 12: ಚೆಕ್‌ಔಟ್ ಮತ್ತು ಮನೆಗೆ ಬಂದ ಮೇಲೆ

ಚೆಕ್‌ಔಟ್ ಹತ್ತು ಅಥವಾ ಹನ್ನೊಂದಕ್ಕೆ. ಹಿಂದಿನ ರಾತ್ರಿನೇ ಲೆಕ್ಕ ಮುಗಿಸಿ ಡೆಪಾಸಿಟ್ ಕೊಟ್ಟಿದ್ರೆ ವಾಪಸ್ ತಗೊಳ್ಳಿ, ಬೆಳಗ್ಗೆ ಬೇಗ ರೈಲಿರೋರಿಗೆ ರಿಸೆಪ್ಷನಲ್ಲಿ ಯಾರೂ ಸಿಗಲ್ಲ. ಗಾದಿ ಕೆಳಗೆ, ಲಾಕರ್ ಹಿಂಭಾಗ, ಚಾರ್ಜರ್ ಪ್ಲಗ್ ಮೂರನ್ನೂ ಟಾರ್ಚ್ ಹಾಕಿ ನೋಡಿ. ರಿವ್ಯೂ ಬರೆಯೋದಾದ್ರೆ ಯಾವ ತಿಂಗಳು, ಯಾವ ಮಹಡಿ, ರಸ್ತೆ ಕಡೆನೋ ಅಂಗಳದ ಕಡೆನೋ, ಬಾತ್‌ರೂಮ್ ಎಷ್ಟು ದೂರ ಅಂತ ಬರೆಯಿರಿ, ಮುಂದೆ ಹೋಗೋರಿಗೆ ಬೇಕಾಗಿರೋದು ಅದೇ.

ಮನೆಗೆ ಬಂದ್ಮೇಲೆ ಬ್ಯಾಗ್ ಮಂಚದ ಮೇಲೆ ಬಿಚ್ಬೇಡಿ. ಬಾಲ್ಕನಿಲೋ ಅಂಗಳದಲ್ಲೋ ಖಾಲಿ ಮಾಡಿ, ಬಟ್ಟೆಯೆಲ್ಲ ನೇರ ಮೆಷಿನಿಗೆ ಹಾಕಿ. ಬಟ್ಟೆ ತಡೆಯೋ ಹಾಗಿದ್ರೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ, ತಿಗಣೆಯೂ ಅದರ ಮೊಟ್ಟೆಯೂ ಅಷ್ಟು ಬಿಸೀಲಿ ಸಾಯುತ್ವೆ. ಬ್ಯಾಗಿನ ಜಿಪ್ಪು, ಹೊಲಿಗೆ, ಒಳಗಿನ ಜೇಬನ್ನ ಬ್ರಷ್ಷಲ್ಲಿ ಉಜ್ಜಿ, ಎರಡು ಮೂರು ದಿನ ಹೊರಗೇ ಬಿಟ್ಟು ಇನ್ನೊಂದು ಸಲ ಟಾರ್ಚಲ್ಲಿ ನೋಡಿ ಆಮೇಲೆ ಒಳಗೆ ತಗೊಳ್ಳಿ.